ಪಕ್ಕದಲ್ಲಿ ಕಟ್ಟಿ ನೋಡಿದವರು

ಕಲಬುರಗಿಯ ನಂದೂರ-ಕೆಸರಟಗಿ ಕೈಗಾರಿಕಾ ಪ್ರದೇಶದಲ್ಲಿ ಇಂದು ಹೊಸದೊಂದು ದಾಲ್ ಮಿಲ್ಲಿನ ಶೆಡ್ಡು ಏಳಬೇಕೆಂದರೆ ಅದರ ನಕ್ಷೆ ಮೊದಲು ಮೂಡುವುದು ಕಂಪ್ಯೂಟರಿನ ಪರದೆಯ ಮೇಲೆ. ಆ ನಕ್ಷೆಯ ಕಡತ ಬರೆದವರ ಯಂತ್ರದಲ್ಲೇ ಇರಬೇಕೆಂಬ ನಿಯಮವೂ ಈಗ ಉಳಿದಿಲ್ಲ. ಯಂತ್ರದ ಭಾಗಗಳನ್ನು ರೂಪಿಸುವವರಿಗಾಗಿ ಆನ್‌ಶೇಪ್ 2015ರಲ್ಲಿ ಬಂತು, ಪರದೆಯ ವಿನ್ಯಾಸ ಮಾಡುವವರಿಗಾಗಿ ಫಿಗ್ಮಾ 2016ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಇಂಥ ಕ್ಲೌಡ್ ತಂತ್ರಾಂಶಗಳಲ್ಲಿ ಎಳೆದ ಪ್ರತಿ ಗೆರೆಯೂ ತಾನಾಗಿ ಉಳಿಯುತ್ತದೆ. ಕೆಲಸ ಒಂದು ಹಂತಕ್ಕೆ ಬಂದಾಗ ಅದಕ್ಕೊಂದು ಹೆಸರು ಕೊಟ್ಟು ಹಾಗೇ ನಿಲ್ಲಿಸಿಡಬಹುದು, ಅದು ಆವೃತ್ತಿ. ಧೈರ್ಯದ ಬದಲಾವಣೆಯೊಂದನ್ನು ಮಾಡಿ ನೋಡಬೇಕೆನಿಸಿದರೆ ಮೂಲವನ್ನು ಮುಟ್ಟದೆ ಅದರ ಪಕ್ಕದಲ್ಲಿ ಒಂದು ಶಾಖೆ ಒಡೆಯಬಹುದು. ಒಪ್ಪಿಗೆಯಾದರೆ ಶಾಖೆಯನ್ನು ಮೂಲಕ್ಕೆ ಕೂಡಿಸುತ್ತಾರೆ, ಇಲ್ಲದಿದ್ದರೆ ಬಿಡುತ್ತಾರೆ. ಸಾಫ್ಟ್‌ವೇರ್ ಬರೆಯುವವರು 2005ರಲ್ಲಿ ಬಂದ ಗಿಟ್‌ನ ಕಾಲದಿಂದ ಇದಕ್ಕೆ ಒಗ್ಗಿದ್ದಾರೆ, ವಿನ್ಯಾಸಕಾರರು ಈಗ ಒಗ್ಗುತ್ತಿದ್ದಾರೆ. ಇದನ್ನೆಲ್ಲ ಈ ಶತಮಾನದ ಕಾಣಿಕೆ ಎಂದು ಹೇಳುವುದು ವಾಡಿಕೆ. ಉಪಕರಣ ಹೊಸದು, ನಿಜ. ಆದರೆ ಹಳೆಯದನ್ನು ಅಳಿಸದೆ ಉಳಿಸಿಕೊಂಡು, ಹೊಸದನ್ನು ಪಕ್ಕದಲ್ಲಿ ಕಟ್ಟಿ ನೋಡಿ, ಅದರಲ್ಲಿ ಬೇಕಾದುದನ್ನಷ್ಟೇ ಮುಂದಕ್ಕೆ ಒಯ್ಯುವ ಕ್ರಮ ಕಟ್ಟುವವರ ಕಸುಬಿನಲ್ಲಿ ಬಹಳ ಹಿಂದಿನಿಂದಲೂ ಇದೆ. ಅದನ್ನು ಕಲ್ಲಿನಲ್ಲೇ ಓದಲು ಕಲಬುರಗಿಯಷ್ಟು ಒಳ್ಳೆಯ ಊರು ಕರ್ನಾಟಕದಲ್ಲಿ ಹೆಚ್ಚಿಲ್ಲ ಎಂಬುದು ನನ್ನ ವಾದ. ಆ ಕ್ರಮ ಎಲ್ಲಿ ಸೋತಿತೆಂಬುದನ್ನೂ ಇದೇ ಊರು ತೋರಿಸುತ್ತದೆ.

ಕಲ್ಲಿಗೂ ಪರದೆಗೂ ನಡುವೆ ಕಾಗದದ ಕಾಲವೊಂದಿತ್ತು. ಟ್ರೇಸಿಂಗ್ ಹಾಳೆಯ ಮೇಲೆ ಇಂಡಿಯನ್ ಇಂಕಿನಲ್ಲಿ ಎಳೆದ ಗೆರೆ ತಪ್ಪಾದರೆ ನಕ್ಷೆ ಬರೆಯುವವನು ಅರ್ಧ ಬ್ಲೇಡನ್ನು ಹೆಬ್ಬೆರಳು ತೋರುಬೆರಳ ನಡುವೆ ತುಸು ಬಾಗಿಸಿ ಹಿಡಿದು, ಹಾಳೆಗೆ ಗಾಯವಾಗದಂತೆ ಶಾಯಿಯನ್ನಷ್ಟೇ ಹೆರೆಯುತ್ತಿದ್ದ. ಹೆರೆದ ಜಾಗ ತರಿತರಿಯಾಗಿ ಹೊಸ ಶಾಯಿಯನ್ನು ಹೀರಿಕೊಂಡು ಹರಡುತ್ತಿತ್ತು, ಆದ್ದರಿಂದ ಉಗುರಿನ ಬೆನ್ನಿನಿಂದ ಅದನ್ನು ಉಜ್ಜಿ ನುಣುಪು ಮಾಡಿಯೇ ಮತ್ತೆ ಗೆರೆ ಎಳೆಯಬೇಕಾಗಿತ್ತು. ಒಂದೇ ಜಾಗವನ್ನು ಎರಡು ಮೂರು ಸಲ ಹೆರೆದರೆ ಹಾಳೆ ತೂತಾಗುತ್ತಿತ್ತು. ಮೂಲವನ್ನೇ ತಿದ್ದುವ ಈ ಪದ್ಧತಿಯಲ್ಲಿ ಹಳೆಯ ರೂಪ ಉಳಿಯುತ್ತಿದ್ದುದು ಆಗಲೇ ತೆಗೆದಿಟ್ಟ ಅಮೋನಿಯಾ ಪ್ರಿಂಟುಗಳಲ್ಲಿ ಮಾತ್ರ. ಹಾಳೆಯ ಮೂಲೆಯಲ್ಲಿ ತಿದ್ದುಪಡಿಯ ಪಟ್ಟಿ ಇರುತ್ತಿತ್ತು: ಎಷ್ಟನೆಯ ತಿದ್ದುಪಡಿ, ಯಾವ ದಿನ, ಏನು ಬದಲಾಯಿತು, ಯಾರ ಸಹಿ. ಬದಲಾದ ಭಾಗದ ಸುತ್ತ ಮೋಡದ ಅಂಚಿನಂಥ ಡೊಂಕು ಗೆರೆ ಎಳೆಯುತ್ತಿದ್ದರು. ಇಂದಿನ ಕ್ಲೌಡ್‌ಗೂ ಆ ಮೋಡಕ್ಕೂ ನಂಟಿಲ್ಲ, ಆದರೂ ಎರಡೂ ಒಂದೇ ಕೆಲಸಕ್ಕೆ ನಿಂತಿರುವುದನ್ನು ನೆನೆದರೆ ಸಂತೋಷವಾಗುತ್ತದೆ. ದೊಡ್ಡ ಬದಲಾವಣೆಯನ್ನು ಮಾಡಿ ನೋಡುವಾಗ ಮಾತ್ರ ಮೂಲ ಹಾಳೆಗೆ ಕೈ ಹಚ್ಚುತ್ತಿರಲಿಲ್ಲ. ಅದರ ಮೇಲೆ ಇನ್ನೊಂದು ಪಾರದರ್ಶಕ ಹಾಳೆ ಹಾಸಿ, ಕೆಳಗಿನ ಗೆರೆ ನೋಡುತ್ತ ಮೇಲೆ ಹೊಸದನ್ನು ಬಿಡಿಸುತ್ತಿದ್ದರು. ಶಾಖೆ ಎಂಬ ಮಾತು ಆಗ ಇರಲಿಲ್ಲ, ಕೆಲಸ ಮಾತ್ರ ಅದೇ. ಮೂಲ, ಹಳೆಯ ಪ್ರತಿ, ಮೇಲುಹಾಳೆ, ತಿದ್ದುಪಡಿ ಪಟ್ಟಿ ಈ ನಾಲ್ಕನ್ನು ಮನಸ್ಸಿನಲ್ಲಿಟ್ಟುಕೊಂಡರೆ ಹಿಂದಿನ ಕಟ್ಟಡಗಳನ್ನು ನೋಡುವ ಕಣ್ಣು ಬದಲಾಗುತ್ತದೆ.

1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ದೆಹಲಿಯ ಹಿಡಿತದಿಂದ ಬಿಡಿಸಿಕೊಂಡು ರಾಜ್ಯ ಕಟ್ಟಿದ. ಕಲಬುರಗಿ ಅದರ ರಾಜಧಾನಿಯಾಯಿತು. ಅದಕ್ಕೆ ಇಪ್ಪತ್ತು ವರ್ಷ ಮುಂಚೆ, 1327ರಲ್ಲಿ, ಮಹಮ್ಮದ್ ಬಿನ್ ತುಘಲಕ್ ದೌಲತಾಬಾದಿಗೆ ರಾಜಧಾನಿಯನ್ನು ಒಯ್ದಾಗ ದೆಹಲಿಯ ಕಟ್ಟಡದ ರೂಢಿಗಳೂ ದಖ್ಖನ್ನಿಗೆ ಇಳಿದಿದ್ದವು. ಹಾಗಾಗಿ ಕಲಬುರಗಿಯ ಮೊದಲ ರೂಪ ದೆಹಲಿಯದೇ. 1358ರಲ್ಲಿ ತೀರಿಹೋದ ಹಸನನ ಗೋರಿ ಕೋಟೆಯ ಪಶ್ಚಿಮಕ್ಕಿದೆ. ಒಂದೇ ಚೌಕಾಕಾರದ ಕೋಣೆ, ಬುಡದಲ್ಲಿ ದಪ್ಪವಾಗಿ ಮೇಲೇರುತ್ತ ಒಳಕ್ಕೆ ವಾಲುವ ಗೋಡೆ, ತಗ್ಗಾದ ಗುಮ್ಮಟ, ನಾಲ್ಕು ಮೂಲೆಗೆ ಚಿಕ್ಕ ಗೋಪುರ. ಅಲಂಕಾರಕ್ಕೆ ಹೆಚ್ಚು ಜಾಗವಿಲ್ಲ. ಇದನ್ನು ಮೊದಲ ಆವೃತ್ತಿ ಎಂದು ಕರೆಯಬಹುದು. ಅವನ ಮಗ ಒಂದನೆಯ ಮಹಮ್ಮದ್ ಷಾ 1375ರಲ್ಲಿ ಸತ್ತಾಗ ಅವನಿಗಾಗಿ ಎದ್ದ ಗೋರಿಯೂ ಬಹುಪಾಲು ಅದೇ ರೂಪದ್ದು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಮಗನ ಕಾಲದಲ್ಲಿ ರಾಜ್ಯ ಬೆಳೆದಿತ್ತು, ಖಜಾನೆಯೂ ಬೆಳೆದಿತ್ತು. ಆದರೂ ತಂದೆಯ ಗೋರಿಯನ್ನು ಕೆಡವಿ ದೊಡ್ಡದು ಮಾಡುವ, ಅಥವಾ ಅದಕ್ಕೆ ಹೊಸ ಮುಖ ಅಂಟಿಸುವ ಕೆಲಸಕ್ಕೆ ಯಾರೂ ಹೋಗಲಿಲ್ಲ.

ಊರಿನ ಪೂರ್ವಕ್ಕಿರುವ ಹಫ್ತ್ ಗುಂಬಜ್‌ನಲ್ಲಿ ಈ ಸಾಲು ಮುಂದುವರಿಯುತ್ತದೆ. 1378ರಲ್ಲಿ ಕೊಲೆಯಾದ ಮುಜಾಹಿದ್ ಷಾನ ಗೋರಿ ಒಂಟಿ ಕೋಣೆಯದು, ಹಳೆಯ ಜಾಡಿನದು. ಅವನನ್ನು ಕೊಲ್ಲಿಸಿ ಸಿಂಹಾಸನ ಏರಿ ಅದೇ ವರ್ಷ ತಾನೂ ಕೊಲೆಯಾದ ದಾವೂದ್ ಷಾ ಅಲ್ಲೇ ಹತ್ತಿರದಲ್ಲಿದ್ದಾನೆ. ಅವನ ಗೋರಿಯಲ್ಲಿ ಒಂದೇ ಜಗತಿಯ ಮೇಲೆ ಎರಡು ಕೋಣೆಗಳು ಜೋಡಿಯಾಗಿ ನಿಂತಿವೆ. ಈ ಜೋಡಿಕೋಣೆ ಆಗ ಹೊಸ ಯೋಚನೆ. 1422ರಲ್ಲಿ ಸತ್ತ ತಾಜುದ್ದೀನ್ ಫಿರೋಜ್ ಷಾನ ಗೋರಿಗೆ ಬಂದರೆ ಅದೇ ಯೋಚನೆ ಹಿಗ್ಗಿ ಅರಮನೆಯ ಗಾತ್ರಕ್ಕೆ ಬಂದಿದೆ. ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಹೊರಗೋಡೆಯಲ್ಲಿ ಒಂದರ ಮೇಲೊಂದು ಎರಡು ಸಾಲು ಕಮಾನುಗಳು. ಮೇಲಿನ ಸಾಲಿನಲ್ಲಿ ಕಲ್ಲಿನ ಜಾಲಂಧ್ರಗಳು. ಹೊರಗಿನಿಂದ ನೋಡಿದವರು ಎರಡು ಅಂತಸ್ತಿನ ಕಟ್ಟಡವೆಂದೇ ತಿಳಿಯುತ್ತಾರೆ. ಒಳಗೆ ಹೋದರೆ ಮಹಡಿಯೇ ಇಲ್ಲ, ನೆಲದಿಂದ ಗುಮ್ಮಟದ ನೆತ್ತಿಯವರೆಗೂ ಒಂದೇ ಎತ್ತರ. ಗಚ್ಚಿನಲ್ಲಿ ಕೊರೆದ ಬಳ್ಳಿ, ಪದಕ, ಪಟ್ಟಿಗಳು ಗೋಡೆಯನ್ನು ತುಂಬಿವೆ. ಬಿಸಿಲು ಮಳೆಗೆ ಹೊರಚಾಚಿದ ಛಜ್ಜಾವನ್ನು ಹೊತ್ತಿರುವ ಬೋದಿಗೆಗಳು ದೇವಾಲಯ ಕಟ್ಟುತ್ತಿದ್ದ ಶಿಲ್ಪಿಗಳ ಕೈಯವು ಎಂಬುದು ಮೊದಲ ನೋಟಕ್ಕೇ ತಿಳಿಯುತ್ತದೆ. ಹಸನನ ಗೋರಿಯಿಂದ ಇಲ್ಲಿಗೆ ಅರವತ್ತನಾಲ್ಕು ವರ್ಷ. ಆ ಅವಧಿಯ ಒಂದೊಂದು ಹೆಜ್ಜೆಯೂ ಅಳಿಯದೆ ಒಂದೇ ಊರಿನಲ್ಲಿ ನಿಂತಿದೆ, ನಡೆದು ನೋಡಿ ಮುಗಿಸಬಹುದಾದಷ್ಟು ಹತ್ತಿರದಲ್ಲಿ.

ಇದಕ್ಕೆ ಆಕ್ಷೇಪ ಏಳುವುದು ಸಹಜ. ಬೇರೆ ಬೇರೆ ಸುಲ್ತಾನರು ಬೇರೆ ಬೇರೆ ಕಾಲಕ್ಕೆ ಕಟ್ಟಿಸಿದ ಗೋರಿಗಳನ್ನು ಒಂದೇ ವಿನ್ಯಾಸದ ಆವೃತ್ತಿಗಳೆನ್ನುವುದು ಹೇಗೆ? ಅವು ಉಳಿದದ್ದು ಸತ್ತವರ ಮೇಲಿನ ಗೌರವದಿಂದ, ಗೋರಿ ಕೆಡವುವುದು ಪಾಪವೆಂಬ ಭಾವನೆಯಿಂದ. ವಿನ್ಯಾಸವನ್ನು ಉಳಿಸೋಣ ಎಂಬ ಉದ್ದೇಶ ಯಾರಿಗಿತ್ತು? ಉದ್ದೇಶ ಇತ್ತೆಂದು ನಾನೂ ಹೇಳುವುದಿಲ್ಲ. ಗೌರವವೇ ಕಾರಣವಾಗಿರಲಿ. ಆ ಕಾರಣದಿಂದ ಮುಂದಿನ ಪೀಳಿಗೆಯ ಕಟ್ಟುವವರ ಕಣ್ಣೆದುರು ಹಿಂದಿನ ರೂಪ ಪೂರ್ತಿಯಾಗಿ ನಿಂತಿತು ಎಂಬುದು ಮುಖ್ಯ. ಕೆಲಸವಂತೂ ಒಂದೇ ಆಗಿತ್ತು: ತೀರಿಹೋದ ಸುಲ್ತಾನನಿಗೊಂದು ಗುಮ್ಮಟ. ಕೆಲಸ ಒಂದೇ ಆಗಿ, ಹಿಂದಿನ ಉತ್ತರಗಳೆಲ್ಲ ಎದುರಿಗಿದ್ದಾಗ, ಹೊಸ ಉತ್ತರ ಹಿಂದಿನದರ ಜೊತೆ ಮಾತಾಡಲೇಬೇಕು. ದಾವೂದನ ಜೋಡಿಕೋಣೆ ಫಿರೋಜನ ಗೋರಿಯಲ್ಲಿ ಮರಳಿ ಬಂದದ್ದು ಹಾಗೆ. ಅದರ ಮುಂದಿನ ಹೆಜ್ಜೆ ಇನ್ನೂ ಖಚಿತ ಸಾಕ್ಷಿ. ಫಿರೋಜನ ತಮ್ಮ ಅಹ್ಮದ್ ಷಾ 1436ರಲ್ಲಿ ಸತ್ತಾಗ ಬೀದರಿನ ಅಷ್ಟೂರಿನಲ್ಲಿ ಅವನ ಗೋರಿ ಎದ್ದಿತು. ಹೊರಗೋಡೆಯ ಮೇಲೆ ಒಂದರ ಮೇಲೊಂದು ಕಮಾನಿನ ಸಾಲು ಅಲ್ಲಿಯೂ ಇದೆ. ಜೋಡಿಕೋಣೆ ಇಲ್ಲ, ಮತ್ತೆ ಒಂಟಿ ಚೌಕ. ಅಣ್ಣನ ಗೋರಿಯಿಂದ ಒಂದನ್ನು ತೆಗೆದುಕೊಂಡು ಇನ್ನೊಂದನ್ನು ಬಿಟ್ಟಿದ್ದಾರೆ. ಇದನ್ನು ಆಯ್ಕೆ ಎನ್ನದೆ ಬೇರೆ ಏನೆನ್ನಬೇಕು?

ಆಯ್ಕೆ ಮಾಡಲು ಪ್ರತ್ಯೇಕ ಜಾಗ ಸಿಗದಿದ್ದರೆ ಏನಾಗುತ್ತದೆಂಬುದಕ್ಕೆ ಕರ್ನಾಟಕದಲ್ಲೇ ಹಳೆಯ ನಿದರ್ಶನವಿದೆ. ಎಂಟನೆಯ ಶತಮಾನದ ಪಟ್ಟದಕಲ್ಲಿನಲ್ಲಿ ನಾಗರ ಶೈಲಿಯ ಗಳಗನಾಥವೂ ದ್ರಾವಿಡ ಶೈಲಿಯ ವಿರೂಪಾಕ್ಷವೂ ಅಕ್ಕಪಕ್ಕದಲ್ಲಿವೆ. ಎರಡು ಮಾರ್ಗ, ಎರಡು ನೆಲಗಟ್ಟು, ಎರಡೂ ತಮ್ಮಷ್ಟಕ್ಕೆ ಪೂರ್ಣ. ಸ್ವಲ್ಪ ದೂರದ ಪಾಪನಾಥದಲ್ಲಿ ಮಾತ್ರ ಪ್ರಯೋಗ ಕಟ್ಟಡದ ಮೈಮೇಲೆಯೇ ನಡೆದಿದೆ. ಕಟ್ಟುತ್ತ ಕಟ್ಟುತ್ತಲೇ ಯೋಜನೆ ಬದಲಾಯಿತೆಂದು ಅದನ್ನು ಅಭ್ಯಾಸ ಮಾಡಿದವರು ತೋರಿಸಿದ್ದಾರೆ. ಗೋಡೆಯ ಅಲಂಕಾರ ದ್ರಾವಿಡದ ಕಡೆಗೆ ವಾಲಿದೆ, ಶಿಖರ ನಾಗರದ್ದು. ಮಂಟಪಗಳು ಬೆಳೆದು ದೇವಾಲಯ ಎಷ್ಟು ಉದ್ದವಾಗಿದೆಯೆಂದರೆ ಆ ಶಿಖರ ಅದಕ್ಕೆ ಚಿಕ್ಕದಾಗಿ ಕಾಣುತ್ತದೆ. ಪಾಪನಾಥ ಸುಂದರವಾದ ಗುಡಿ, ಅದರ ಗೋಡೆಯ ರಾಮಾಯಣದ ಸಾಲು ಒಂದೇ ಸಾಕು ಅದನ್ನು ನೋಡಲು ಹೋಗುವುದಕ್ಕೆ. ಆದರೆ ಅದರ ಮೊದಲ ಯೋಜನೆ ಹೇಗಿತ್ತೆಂದು ಇಂದು ಊಹಿಸಬಹುದು, ಕಾಣಲಾಗದು. ಮೇಲಿನ ಬದಲಾವಣೆ ಕೆಳಗಿನದನ್ನು ನುಂಗಿಬಿಟ್ಟಿದೆ.

ಕಲಬುರಗಿಯ ಪ್ರಯೋಗಗಳಲ್ಲಿ ಎಲ್ಲಕ್ಕಿಂತ ದಿಟ್ಟವಾದದ್ದು ಕೋಟೆಯೊಳಗಿನ ಜಾಮಿಯಾ ಮಸೀದಿ. ಇದೇ ಊರಿನ ಶಹಾಬಜಾರಿನ ಮಸೀದಿ ರೂಢಿಯ ಪ್ರಕಾರ ಕಟ್ಟಿದ್ದು: ದ್ವಾರ ದಾಟಿದರೆ ತೆರೆದ ಅಂಗಳ, ಅಂಗಳದಾಚೆ ಕಂಬಗಳ ನಮಾಜಿನ ಪಡಸಾಲೆ. ಕೋಟೆಯ ಮಸೀದಿಯಲ್ಲಿ ಅಂಗಳವೇ ಇಲ್ಲ. 216 ಅಡಿ ಉದ್ದ, 176 ಅಡಿ ಅಗಲ, ಸುಮಾರು 38,000 ಚದರಡಿ ನೆಲ ಪೂರ್ತಿ ಚಾವಣಿಯ ಕೆಳಗಿದೆ. ಮೇಲೆ ಅರವತ್ತಕ್ಕೂ ಹೆಚ್ಚು ಚಿಕ್ಕ ಗುಮ್ಮಟ, ನಾಲ್ಕು ಮೂಲೆಗೆ ಅದಕ್ಕಿಂತ ದೊಡ್ಡವು, ಮೆಹ್ರಾಬಿನ ಮುಂದೆ ಎಲ್ಲಕ್ಕಿಂತ ಎತ್ತರದ್ದೊಂದು. ಅಂಗಳ ಮುಚ್ಚಿದ ಮೇಲೆ ಬೆಳಕು ಎಲ್ಲಿಂದ ಬರಬೇಕು? ಅದಕ್ಕೆ ಕಟ್ಟುವವರು ಎರಡು ದಾರಿ ಕಂಡುಕೊಂಡರು. ಒಂದು, ಹೊರಗೋಡೆಗಳನ್ನು ತೆರೆದುಬಿಟ್ಟರು. ಅಲ್ಲಿಯ ಕಮಾನುಗಳು ಗಿಡ್ಡ ಕಂಬದಿಂದ ಹೊರಟು, ನೆಲಕ್ಕೆ ಹತ್ತಿರದಲ್ಲೇ ಬಾಗಿ, ಅಗಲಕ್ಕೆ ಚಾಚಿಕೊಂಡಿವೆ. ಅವುಗಳ ಕೆಳಗೆ ನಿಂತು ಉದ್ದಕ್ಕೆ ನೋಡಿದರೆ ಒಂದರೊಳಗೊಂದು ಕಮಾನು ಸರಿಯುತ್ತ ಹೋಗುತ್ತದೆ, ಸುಣ್ಣದ ಬಿಳುಪಿನ ಮೇಲೆ ನೆರಳು ಮಾತ್ರ ಬದಲಾಗುತ್ತದೆ. ಎರಡು, ಮುಖ್ಯ ಗುಮ್ಮಟವನ್ನು ಚಾವಣಿಗಿಂತ ಮೇಲಕ್ಕೆತ್ತಿ, ಅದರ ಕೆಳಗಿನ ಚೌಕದಲ್ಲಿ ಕಿಟಕಿ ಬಿಟ್ಟು, ಮೆಹ್ರಾಬಿನ ಬಳಿಗೆ ಬೆಳಕು ಇಳಿಸಿದರು.

ಇದನ್ನು ಸ್ಪೇನಿನ ಕೊರ್ಡೋಬಾ ಮಸೀದಿಯ ನಕಲೆಂದು ಹೇಳುವವರು ಇದ್ದಾರೆ. ಎರಡರಲ್ಲೂ ಕಂಬಗಳ ಕಾಡಿದೆ ಎಂಬುದನ್ನು ಬಿಟ್ಟರೆ ಆ ಮಾತಿಗೆ ಆಧಾರವಿಲ್ಲ. ಕಮಾನಿನ ಜಾತಿಯೇ ಬೇರೆ, ಚಾವಣಿ ಬೇರೆ, ಕೊರ್ಡೋಬಾಕ್ಕೆ ಅಂಗಳವೂ ಉಂಟು. ನಕಲೆಂಬ ಮಾತು ನಮ್ಮ ಕಟ್ಟುವವರ ಸ್ವಂತ ಯೋಚನೆಯನ್ನು ಕಸಿದುಕೊಳ್ಳುತ್ತದೆ ಎಂಬುದು ನನಗಿರುವ ನೋವು. ಇನ್ನೊಂದು ತೀರ್ಮಾನವೂ ಪುಸ್ತಕಗಳಲ್ಲಿ ನಡೆದುಬಂದಿದೆ: ಈ ಬಗೆಯ ಮಸೀದಿಯನ್ನು ಮತ್ತೆ ಯಾರೂ ಕಟ್ಟಲಿಲ್ಲ, ಆದ್ದರಿಂದ ಪ್ರಯೋಗ ಫಲಿಸಲಿಲ್ಲ. ಇಡಿಯಾಗಿ ನೋಡಿದರೆ ಅದು ಸರಿ, ಬಿಡಿಯಾಗಿ ನೋಡಿದರೆ ಸರಿಯಲ್ಲ. ಬೀದರ್ ಕೋಟೆಯಲ್ಲಿ 1423-24ರ ಹೊತ್ತಿಗೆ ಎದ್ದ ಸೋಲಾ ಖಂಬಾ ಮಸೀದಿಯಲ್ಲಿ ಮುಚ್ಚಿದ ಅಂಗಳದ ಯೋಚನೆಯನ್ನು ಕೈಬಿಟ್ಟಿದ್ದಾರೆ. ಚಾವಣಿಯ ಮೇಲೆ ಕಿಟಕಿಗಳಿರುವ ಎತ್ತರದ ಪಟ್ಟಿ ಕಟ್ಟಿ, ಅದರ ಮೇಲೆ ಮುಖ್ಯ ಗುಮ್ಮಟವನ್ನು ಏರಿಸುವ ಕ್ರಮವನ್ನು ಉಳಿಸಿಕೊಂಡಿದ್ದಾರೆ. ಶಾಖೆಯನ್ನು ಇಡಿಯಾಗಿ ಕೂಡಿಸಲೇಬೇಕೆಂದಿಲ್ಲ. ಅದರ ಒಂದು ಕೊಂಬೆ ಸಾಕಾಗುತ್ತದೆ. ಆ ಕೊಂಬೆಯನ್ನು ಕತ್ತರಿಸಿ ತರಲು ಶಾಖೆ ನಿಂತಿರಬೇಕು, ಅಷ್ಟೇ.

ಇಲ್ಲಿ ಬಲವಾದ ಆಕ್ಷೇಪವೊಂದನ್ನು ಎದುರಿಸಬೇಕು. ಮಸೀದಿಯಲ್ಲಿರುವ ಶಾಸನ 1367ರದು. ಕಟ್ಟಿದವನು ರಫಿ ಬಿನ್ ಶಮ್ಸ್ ಬಿನ್ ಮನ್ಸೂರ್ ಖಜ್ವೀನಿ ಎಂದು ಅದರಲ್ಲಿದೆ. ಬಹುಕಾಲ ಇದನ್ನೇ ಎಲ್ಲರೂ ಒಪ್ಪಿದ್ದರು. ದಖ್ಖನ್ನಿನ ವಾಸ್ತುವನ್ನು ಆಳವಾಗಿ ಅಭ್ಯಾಸ ಮಾಡಿದ ಹೆಲೆನ್ ಫಿಲೋನ್ ಬೇರೊಂದು ವಾದ ಮುಂದಿಟ್ಟರು: ಈ ಕಟ್ಟಡ ಮೂಲತಃ ಮಸೀದಿಯೇ ಅಲ್ಲ, 1397ರಿಂದ 1422ರವರೆಗೆ ಆಳಿದ ಫಿರೋಜ್ ಷಾನ ಸಾವಿರ ಕಂಬದ ದರ್ಬಾರು ಮಂಟಪ. ಹಾಗಿದ್ದರೆ ರೂಢಿಯ ಮಸೀದಿಯಿಂದ ಒಡೆದ ಶಾಖೆ ಎಂಬ ನನ್ನ ಮಾತು ಬಿದ್ದುಹೋಗುವುದಿಲ್ಲವೇ? ಬೀಳುವುದಿಲ್ಲ ಎಂದುಕೊಂಡಿದ್ದೇನೆ. 1367 ಆಗಲಿ ಫಿರೋಜನ ಕಾಲವಾಗಲಿ, ಎರಡೂ ಸೋಲಾ ಖಂಬಾಕ್ಕಿಂತ ಹಿಂದಿನವು. ಎತ್ತರದ ಗುಮ್ಮಟ ಇಲ್ಲಿಂದ ಅಲ್ಲಿಗೆ ಹೋಯಿತೆಂಬ ಮಾತಿಗೆ ಧಕ್ಕೆಯಿಲ್ಲ. ದರ್ಬಾರಿಗಾಗಿ ಕಂಡುಕೊಂಡದ್ದು ಮಸೀದಿಗೆ ಬಂತು ಎನ್ನಬೇಕಾಗಬಹುದು, ಅದು ಇನ್ನೂ ದೊಡ್ಡ ಜಿಗಿತ. ಆದರೆ ಈ ವಿವಾದ ಬೇರೊಂದು ಕೊರತೆಯನ್ನು ಎತ್ತಿ ತೋರಿಸುತ್ತದೆ, ಅದನ್ನು ಒಪ್ಪಲೇಬೇಕು. ಕಟ್ಟುವವರು ರೂಪಗಳನ್ನು ಉಳಿಸಿದರು, ಅವುಗಳ ಜೊತೆಗಿರಬೇಕಾದ ಟಿಪ್ಪಣಿಯನ್ನು ಉಳಿಸಲಿಲ್ಲ. ಒಂದು ಶಾಸನ, ಒಂದು ಇಸವಿ, ಒಂದು ಹೆಸರು. ಅಂಗಳವನ್ನು ಏಕೆ ಮುಚ್ಚಿದರು, ಯಾರು ಬೇಡವೆಂದರು, ಯಾರು ಒಪ್ಪಿದರು ಎಂಬುದಕ್ಕೆ ಒಂದು ಸಾಲೂ ಇಲ್ಲ. ಟ್ರೇಸಿಂಗ್ ಹಾಳೆಯ ಮೂಲೆಯಲ್ಲಿದ್ದ ಆ ಚಿಕ್ಕ ಪಟ್ಟಿಯ ಬೆಲೆ ಇಲ್ಲಿ ತಿಳಿಯುತ್ತದೆ. ಆರುನೂರು ವರ್ಷ ಗಟ್ಟಿಯಾಗಿ ನಿಂತ ಕಟ್ಟಡ ತಾನು ಏನೆಂದು ಹೇಳಿಕೊಳ್ಳಲಾರದ ಸ್ಥಿತಿಗೆ ಬಂದಿದೆ.

ಒಂದು ಕಟ್ಟಡವಷ್ಟೇ ಅಲ್ಲದೆ ಊರನ್ನೇ ಪಕ್ಕದಲ್ಲಿ ಕಟ್ಟಿ ನೋಡಿದ ಸುಲ್ತಾನ ಈ ಫಿರೋಜ್ ಷಾ. 1400ರ ಆಸುಪಾಸಿನಲ್ಲಿ ಕಲಬುರಗಿಯ ದಕ್ಷಿಣಕ್ಕೆ, ಭೀಮಾ ನದಿಯ ಪೂರ್ವ ದಂಡೆಯ ಮೇಲೆ ಫಿರೋಜಾಬಾದ್ ಎಂಬ ಅರಮನೆಯ ನಗರ ಎಬ್ಬಿಸಿದ. ಪಶ್ಚಿಮಕ್ಕೆ ನದಿ, ಉಳಿದ ಮೂರು ದಿಕ್ಕಿಗೆ ದಪ್ಪ ಕೋಟೆಗೋಡೆ. ಒಳಗೆ ದೊಡ್ಡ ಮಸೀದಿ, ಅರಮನೆಯ ಆವರಣಗಳು, ಸ್ನಾನಗೃಹಗಳು. ಹಳೆಯ ರಾಜಧಾನಿಯ ಒಂದು ಬೀದಿಯನ್ನೂ ಒಡೆಯದೆ, ಹೊಸ ಬಗೆಯ ನಗರ ಹೇಗಿರಬಹುದೆಂದು ಒಂದು ದಿನದ ದಾರಿಯಾಚೆ ಕಟ್ಟಿ ನೋಡಿದ್ದು ಅದು. ಕಲಬುರಗಿ ತನ್ನ ಪಾಡಿಗೆ ನಡೆಯುತ್ತಿತ್ತು. ಫಿರೋಜ್ ಸತ್ತ ಮೇಲೆ ಅಹ್ಮದ್ ಷಾ ಈ ಎರಡನ್ನೂ ಬಿಟ್ಟು ಬೀದರಿಗೆ ರಾಜಧಾನಿ ಒಯ್ದ, ಫಿರೋಜಾಬಾದ್ ಪಾಳುಬಿತ್ತು. ಜಾರ್ಜ್ ಮಿಷೆಲ್ ಮತ್ತು ರಿಚರ್ಡ್ ಈಟನ್ ಆ ಪಾಳಿನ ಅಳತೆ ತೆಗೆದು 1992ರಲ್ಲಿ ಪುಸ್ತಕ ಮಾಡಿದರು. ಬಳಕೆ ನಿಂತದ್ದರಿಂದಲೇ ಅಲ್ಲಿ ಮುಂದಿನ ಶತಮಾನಗಳ ತಿದ್ದುಪಡಿ ಬೀಳಲಿಲ್ಲ, ಹದಿನೈದನೆಯ ಶತಮಾನದ ಆರಂಭದ ನಗರದ ಯೋಜನೆ ಗೋಡೆಗಳಲ್ಲಿ ಹಾಗೇ ನಿಂತಿತು. ಕೂಡಿಸದೆ ಬಿಟ್ಟ ಶಾಖೆಗೂ ಇಂಥ ಬೆಲೆ ಇರುತ್ತದೆ.

ಕಲ್ಲನ್ನು ಕಂಪ್ಯೂಟರಿನ ಜೊತೆ ಹೋಲಿಸುವುದೇ ತಪ್ಪು ಎನ್ನುವವರಿಗೆ ಕೊನೆಯದಾಗಿ ಒಂದು ಮಾತು. ಅವರ ತರ್ಕ ಹೀಗೆ: ಕಲ್ಲಿನ ಪ್ರಯೋಗಕ್ಕೆ ವರ್ಷಗಟ್ಟಲೆ ದುಡಿಮೆ, ಖಜಾನೆಯ ಹಣ, ನೂರಾರು ಕೈ ಬೇಕು; ಪರದೆಯ ಮೇಲಿನ ಶಾಖೆಗೆ ಒಂದು ಗುಂಡಿ ಒತ್ತಿದರೆ ಸಾಕು. ತಪ್ಪಿದರೆ ಹಿಂದಕ್ಕೆ ಹೋಗಲೂ ಒಂದೇ ಗುಂಡಿ. ಈ ವ್ಯತ್ಯಾಸ ದೊಡ್ಡದೇ, ಮತ್ತು ಅದು ಪರದೆಯವರ ಹೊಣೆಯನ್ನು ಹೆಚ್ಚಿಸುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ. ಬೆಲೆ ತೆರಬೇಕಾದಾಗ ಜನ ಕಡಿಮೆ ಪ್ರಯೋಗ ಮಾಡುತ್ತಾರೆ, ಮಾಡಿದ್ದನ್ನು ನೆನಪಿಡುತ್ತಾರೆ. ಬೆಲೆಯಿಲ್ಲದಾಗ ದಿನಕ್ಕೆ ಹತ್ತು ಶಾಖೆ ಒಡೆಯುತ್ತವೆ, ಯಾವುದಕ್ಕೂ ಹೆಸರಿರುವುದಿಲ್ಲ. ತಂತ್ರಾಂಶ ತಾನಾಗಿ ಉಳಿಸುವುದು ಗೆರೆಯನ್ನು ಮತ್ತು ಗಳಿಗೆಯನ್ನು. ಟ್ರಸ್ಸಿನ ಎತ್ತರವನ್ನು ಎರಡು ಅಡಿ ಏಕೆ ಏರಿಸಿದೆವು ಎಂಬುದನ್ನು ಮನುಷ್ಯರೇ ಬರೆಯಬೇಕು. ಬರೆಯದಿದ್ದರೆ ಐದು ವರ್ಷಕ್ಕೇ ಆ ಕಡತ ಕೋಟೆಯ ಮಸೀದಿಯ ಹಾಗೆ ಆಗುತ್ತದೆ: ಎಲ್ಲವೂ ಇದೆ, ಕಾರಣವೊಂದು ಇಲ್ಲ.

ಕಮಲಾಪುರ ತಾಲ್ಲೂಕಿನ ಹೊಳಕುಂದಾದಲ್ಲಿ, ಹುಮನಾಬಾದಿನ ಕಡೆಗೆ ಹೋಗುವ ದಾರಿಯಲ್ಲಿ, ಬಹಮನಿ ಕಾಲದ ಗೋರಿಗಳ ಗುಂಪೊಂದಿದೆ. ಕಲಬುರಗಿಗೂ ಬೀದರಿಗೂ ನಡುವಿನ ಈ ಗುಮ್ಮಟಗಳನ್ನು ಹಫ್ತ್ ಗುಂಬಜ್ ಮತ್ತು ಅಷ್ಟೂರಿನ ಜೊತೆಗಿಟ್ಟು ಗೋಡೆ ಗೋಡೆ ಹೋಲಿಸಿ ಅಳೆಯಬೇಕು. ರಾಜಧಾನಿಯಲ್ಲಿ ಹುಟ್ಟಿದ ರೂಪ ಹಳ್ಳಿಗೆ ಬರುವಾಗ ಏನನ್ನು ಹೊತ್ತು ತಂದಿತು, ಏನನ್ನು ದಾರಿಯಲ್ಲಿ ಬಿಟ್ಟಿತು ಎಂಬುದಕ್ಕೆ ಉತ್ತರ ಆ ಅಳತೆಯಲ್ಲಿ ಸಿಗಬೇಕು. ಅಳೆಯುವವರಿಗೆ ಇಂದು ಕ್ಯಾಮೆರಾ ಇದೆ, ಕ್ಲೌಡ್‌ನಲ್ಲಿ ಎಲ್ಲರೂ ಸೇರಿ ಬಿಡಿಸುವ ನಕ್ಷೆ ಇದೆ. ಅದಕ್ಕಿಂತ ಮುಂಚೆ ಆಗಬೇಕಾದ ಕೆಲಸ ಒಂದಿದೆ. ಹಳೆಯ ಗುಮ್ಮಟದ ಬಿರುಕಿಗೆ ಗಾರೆ ತುಂಬಿದಾಗ, ಗೋಡೆಗೆ ಸುಣ್ಣ ಬಳಿದಾಗ, ಉದುರಿದ ಬೋದಿಗೆಯ ಜಾಗಕ್ಕೆ ಹೊಸ ಕಲ್ಲು ಕೂರಿಸಿದಾಗ, ಹಿಂದೆ ಅಲ್ಲಿ ಏನಿತ್ತೆಂಬ ಒಂದು ಚಿತ್ರ ತೆಗೆದು, ದುರಸ್ತಿಯ ತಾರೀಖನ್ನೂ ಕಾರಣವನ್ನೂ ಬರೆದಿಡಬೇಕು. ಫಿರೋಜ್ ಷಾನ ಗೋರಿಯ ಗಚ್ಚು ವರ್ಷವರ್ಷವೂ ಅಷ್ಟಷ್ಟು ಉದುರುತ್ತದೆ, ಉದುರಿದ ಪದಕದ ಅಂಚು ಯಾವ ಆಕಾರದ್ದಾಗಿತ್ತೆಂದು ಪಕ್ಕದ ಪದಕವನ್ನು ನೋಡಿ ಈಗಿನ್ನೂ ಹೇಳಬಹುದು.